ಅಜ್ಜನ ಜೋಡುನಳಿಕೆ ಕೋವಿ: ಪಿತ್ರಾರ್ಜಿತ ಬಂದೂಕಿನ ಜೀರ್ಣೋದ್ಧಾರ ಹೇಗೆ?

ಮಲೆನಾಡು, ಕೊಡಗು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿ ಹಿರಿಯರೊಬ್ಬರು ತೀರಿಕೊಂಡ ಬಳಿಕ ಜಮೀನಿನ ಪಹಣಿ, ಬ್ಯಾಂಕಿನ ಪಾಸ್‌ಪುಸ್ತಕ, ಚಿನ್ನದ ಲೆಕ್ಕ ಒಂದೊಂದಾಗಿ ಹೊರಬರುತ್ತವೆ. ಕೊನೆಗೊಂದು ದಿನ ಬೀರುವಿನ ಹಿಂದಿನಿಂದಲೋ ಅಟ್ಟದ ಮೂಲೆಯಿಂದಲೋ ಹಳೆಯ ಪಂಚೆ ಸುತ್ತಿದ ಕೋವಿಯೂ ಹೊರಬರುತ್ತದೆ. ಬೆಂಗಳೂರಿನಿಂದ ಬಂದ ಮೊಮ್ಮಗನಿಗೆ ಅದು ಅಜ್ಜನ ನೆನಪು. ಊರಿನಲ್ಲೇ ಉಳಿದ ಮಗನಿಗೆ ಹಂದಿ, ಮಂಗಗಳಿಂದ ತೋಟ ಕಾಯುವ ಸಾಧನ. ಪೊಲೀಸ್ ಠಾಣೆಯ ದಾಖಲೆಯಲ್ಲಿ ಅದು ಪರವಾನಗಿದಾರ ಮೃತಪಟ್ಟಿರುವ ಒಂದು ಆಯುಧ.

ಈ ಹಂತದಲ್ಲಿ ಬಹುತೇಕ ಕುಟುಂಬಗಳು ಮಾಡುವ ಮೊದಲ ಕೆಲಸವೆಂದರೆ ಮರಳುಕಾಗದ ತಂದು ತುಕ್ಕು ಉಜ್ಜುವುದು. ಎರಡನೆಯದು, ಪರಿಚಯದ ಕುಲುಮೆಗೋ ಲೇತ್ ಅಂಗಡಿಗೋ ಒಯ್ದು 'ಹೊಸದರಂತೆ' ಮಾಡಿಸುವುದು. ಮೂರನೆಯದು, ಹಿತ್ತಿಲಿನಲ್ಲಿ ಒಂದು ತೋಟಾ ಹಾರಿಸಿ ನೋಡುವುದು. ಇವುಗಳಲ್ಲಿ ಮೊದಲನೆಯದು ಕೋವಿಯ ಬೆಲೆಯನ್ನೂ ಚರಿತ್ರೆಯನ್ನೂ ಅಳಿಸುತ್ತದೆ, ಎರಡನೆಯದು ಜೈಲಿಗೆ ದಾರಿಯಾಗಬಲ್ಲದು, ಮೂರನೆಯದು ಎಡಗೈಯ ಬೆರಳುಗಳನ್ನು ಕಿತ್ತೊಯ್ಯಬಲ್ಲದು. ಹಳೆಯ ಕೋವಿಯ ಜೀರ್ಣೋದ್ಧಾರದಲ್ಲಿ ಮಾಡಬೇಕಾದ ಕೆಲಸಕ್ಕಿಂತ ಮಾಡದೆ ಬಿಡಬೇಕಾದ ಕೆಲಸವೇ ಹೆಚ್ಚು.

ಒಳಗೆ ಈಡು ಇದೆಯೇ?

ನಮ್ಮಲ್ಲಿ ಉಳಿದಿರುವ ಹಳೆಯ ಕೋವಿಗಳು ಮುಖ್ಯವಾಗಿ ಎರಡು ಬಗೆಯವು. ಬಾಯಿಯಿಂದ ಮದ್ದು, ಚರೆ ತುಂಬಿ ಗಜದಿಂದ ಗಿಡಿದು, ಹಿಂಬದಿಯ ಮೊಲೆಯಂಥ ತುದಿಗೆ ಕೇಪು ಸಿಕ್ಕಿಸುವ ಕೇಪಿನ ಕೋವಿ ಒಂದು. ಪೊಲೀಸ್ ಪ್ರಕಟಣೆಗಳಲ್ಲಿ 'ಎಸ್.ಬಿ.ಎಂ.ಎಲ್.' ಎಂದು ಬರುವುದು ಇದರ ಒಂಟಿನಳಿಕೆಯ ರೂಪ. ಮಧ್ಯದಲ್ಲಿ ಮುರಿದು ಹಿಂಬದಿಯಿಂದ ತೋಟಾ ಹಾಕುವ ಕೋವಿ ಇನ್ನೊಂದು, ಒಂಟಿನಳಿಕೆಯಾದರೆ 'ಎಸ್.ಬಿ.ಬಿ.ಎಲ್.', ಜೋಡುನಳಿಕೆಯಾದರೆ 'ಡಿ.ಬಿ.ಬಿ.ಎಲ್.'. ಬ್ರಿಟಿಷರ ಕಾಲದ ಪ್ಲಾಂಟರುಗಳು, ಪಟೇಲರು, ಶ್ಯಾನುಭೋಗರು ಕೊಂಡು ಇಟ್ಟುಕೊಂಡ ವಿಲಾಯತಿ ಕೋವಿಗಳು ಹೆಚ್ಚಾಗಿ ಈ ಕೊನೆಯ ಬಗೆಯವು.

ಕೈಗೆ ಬಂದ ಕೋವಿ ಯಾವುದೇ ಇರಲಿ, ಅದು ತುಂಬಿದೆ ಎಂದೇ ಭಾವಿಸಿ ಹಿಡಿಯಬೇಕು. ತೋಟಾ ಕೋವಿಯನ್ನು ಮುರಿದು ನೋಡಿದರೆ ಸಂಶಯ ತೀರುತ್ತದೆ. ಕೇಪಿನ ಕೋವಿಯ ವಿಷಯ ಹಾಗಲ್ಲ. ನಳಿಕೆಯ ಬಾಯಿಗೆ ಕಣ್ಣಿಟ್ಟು ಇಣುಕುವ ಅಭ್ಯಾಸ ಬಹಳ ಮಂದಿಗೆ ಇದೆ. ಅದಕ್ಕಿಂತ ಮೂರ್ಖತನ ಬೇರೊಂದಿಲ್ಲ. ಸರಿಯಾದ ಕ್ರಮವೆಂದರೆ, ಬಾಯಿ ಆಚೆಗೆ ತಿರುಗಿರುವಂತೆ ಹಿಡಿದು ಮರದ ಕಡ್ಡಿಯೊಂದನ್ನು ನಳಿಕೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ ಹೊರತೆಗೆಯುವುದು. ಅದೇ ಕಡ್ಡಿಯನ್ನು ನಳಿಕೆಯ ಹೊರಮೈಗೆ ಒತ್ತಿಟ್ಟು ನೋಡಿದಾಗ ಅದು ಕೇಪು ಕೂರುವ ಜಾಗದ ಹತ್ತಿರದವರೆಗೆ ಬರಬೇಕು. ಎರಡು ಮೂರು ಅಂಗುಲ ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಕಣಜದ ಮಣ್ಣಿನ ಗೂಡಾಗಿರಬಹುದು, ಅಜ್ಜ ಹಂದಿಗೆಂದು ತುಂಬಿಟ್ಟು ಮರೆತ ಈಡೂ ಆಗಿರಬಹುದು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಸಾಯುವುದಿಲ್ಲ. ಅಂಥ ಕೋವಿಯನ್ನು ಮನೆಯಲ್ಲಿ ಬಿಚ್ಚಲು ಹೋಗದೆ, ಎಲ್ಲಿದೆಯೋ ಅಲ್ಲೇ ಬಿಟ್ಟು ಠಾಣೆಗೋ ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿಗೋ ತಿಳಿಸುವುದೇ ಲೇಸು.

ಕಾಗದ ಮೊದಲು, ಎಣ್ಣೆ ಆಮೇಲೆ

ಕೋವಿ ಆಸ್ತಿಯಂತೆ ತಾನಾಗಿ ವಾರಸುದಾರರಿಗೆ ಇಳಿದುಬರುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಲೋಹ ಮತ್ತು ಮರದ ಮೇಲಿನ ಒಡೆತನ ಬರಬಹುದು. ಅದನ್ನು ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ಪರವಾನಗಿ ವ್ಯಕ್ತಿಗೆ ಸಂಬಂಧಿಸಿದ್ದು, ಅದು ವ್ಯಕ್ತಿಯೊಂದಿಗೇ ಮುಗಿಯುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಪರವಾನಗಿದಾರ ಮೃತಪಟ್ಟರೆ ಆತನ ವಾರಸುದಾರರು ವಿನಾಕಾರಣ ತಡ ಮಾಡದೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ನಿಗದಿತ ಅವಧಿಯೊಳಗೆ ಪರವಾನಗಿ ಪಡೆದು ಬಿಡಿಸಿಕೊಳ್ಳದಿದ್ದರೆ, ಮಾರಾಟವನ್ನೂ ಮಾಡದಿದ್ದರೆ ಜಿಲ್ಲಾ ದಂಡಾಧಿಕಾರಿಗಳ ಆದೇಶದಂತೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಒಳ್ಳೆಯ ಕೋವಿಗಳು ಕುಟುಂಬಗಳ ಕೈತಪ್ಪುವುದು ತುಕ್ಕಿನಿಂದಲ್ಲ, ಹೆಚ್ಚಾಗಿ ಹೀಗೆ.

ಠಾಣೆ, ವ್ಯಾಪಾರಿ ಎರಡರಲ್ಲಿ ಆಯ್ಕೆಯಿದ್ದಾಗ ಶುಲ್ಕ ತೆತ್ತಾದರೂ ವ್ಯಾಪಾರಿಯ ಬಳಿ ಇಡುವುದು ಕೋವಿಯ ಆರೋಗ್ಯಕ್ಕೆ ಒಳ್ಳೆಯದು. ಠಾಣೆಯ ಕೋಣೆಯಲ್ಲಿ ಅದು ಸುರಕ್ಷಿತವಾಗಿರುತ್ತದೆ, ಆದರೆ ಎಣ್ಣೆ ಹಚ್ಚುವವರು ಯಾರೂ ಇರುವುದಿಲ್ಲ. ಯಾವ ಕಡೆ ಇಟ್ಟರೂ ರಸೀದಿ ಪಡೆಯಬೇಕು. ಅದರಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ನಳಿಕೆಯ ಉದ್ದ ಮತ್ತು ಇರುವ ಕುಂದುಗಳು ನಮೂದಾಗಿರಬೇಕು. ಒಪ್ಪಿಸುವ ಮುನ್ನ ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ.

ವಾರಸುದಾರರಿಗೆ ಪರವಾನಗಿ ನೀಡಲು 2016ರ ಶಸ್ತ್ರಾಸ್ತ್ರ ನಿಯಮಾವಳಿಯ 25ನೇ ನಿಯಮದಲ್ಲಿ ಪ್ರತ್ಯೇಕ ಅವಕಾಶವಿದೆ. ಮರಣಾನಂತರ ಮಾತ್ರವಲ್ಲ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಆಯುಧವನ್ನು 25 ವರ್ಷ ಹೊಂದಿದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾವು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಿ ವರ್ಗಾಯಿಸಬಹುದು. ಈ ಸೌಲಭ್ಯವನ್ನು ಬಳಸಿಕೊಳ್ಳುವವರು ಕಡಿಮೆ. ಅಜ್ಜ ಇನ್ನೂ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತಿರುವಾಗಲೇ ಈ ಕೆಲಸ ಮುಗಿಸಿಕೊಂಡರೆ ಮುಂದಿನ ಅಲೆದಾಟ ಅರ್ಧಕ್ಕರ್ಧ ತಪ್ಪುತ್ತದೆ. ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಆಯುಕ್ತರಿಗೆ ಸಲ್ಲಿಸಬೇಕಾಗುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಪತ್ರ ಮತ್ತು ಮೂಲ ಪರವಾನಗಿ ಪುಸ್ತಕ ಕೈಯಲ್ಲಿರಬೇಕು. ಅಣ್ಣತಮ್ಮಂದಿರ ನಡುವೆ ಪಾಲಿನ ವ್ಯಾಜ್ಯವಿರುವ ಮನೆಗಳಲ್ಲಿ ಈ ಒಪ್ಪಿಗೆಪತ್ರದಲ್ಲೇ ಕೋವಿ ಸಿಕ್ಕಿಕೊಳ್ಳುವುದು.

2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಈ ಮಿತಿಯಿಂದ ವಿನಾಯಿತಿ ಇಲ್ಲ. ಈಗಾಗಲೇ ಎರಡು ಇರುವವರು ಅಜ್ಜನದನ್ನು ಬಯಸಿದರೆ ಒಂದನ್ನು ಬಿಟ್ಟುಕೊಡಬೇಕು, ಇಲ್ಲವೇ ಮನೆಯ ಇನ್ನೊಬ್ಬ ಅರ್ಹ ಸದಸ್ಯರ ಹೆಸರಿಗೆ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳೂ ಸೊಸೆಯಂದಿರೂ ವಾರಸುದಾರರ ಪಟ್ಟಿಯಲ್ಲಿದ್ದಾರೆ ಎಂಬುದನ್ನು ಇಲ್ಲಿ ನೆನಪಿಸಬೇಕು.

ಕೊಡಗಿನ ಪರಿಸ್ಥಿತಿ ಬೇರೆ. 1861ರಲ್ಲಿ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಅವರು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡವರಿಗೆ ನೀಡಿದ ವಿನಾಯಿತಿ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದು ಬಂದಿದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ಐನ್‌ಮನೆಗಳಲ್ಲಿ ಕೋವಿಗಳನ್ನು ಶುಚಿಮಾಡಿ, ಕೋವಿಯ ಹೂವೆಂದೇ ಹೆಸರಾದ ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವ ಪದ್ಧತಿಯೇ ಅಲ್ಲಿನ ಹಳೆಯ ಕೋವಿಗಳನ್ನು ಉಳಿಸಿದೆ ಎಂದರೂ ತಪ್ಪಾಗದು: ವರ್ಷಕ್ಕೊಮ್ಮೆಯಾದರೂ ಕೈ ಮುಟ್ಟುತ್ತದೆ. ಆದರೆ ಪರವಾನಗಿಯಿಂದ ವಿನಾಯಿತಿ ಎಂದರೆ ದಾಖಲೆಯಿಂದ ವಿನಾಯಿತಿ ಎಂದು ತಿಳಿಯಬಾರದು. ಅಲ್ಲಿಯೂ ವಿನಾಯಿತಿ ಪ್ರಮಾಣಪತ್ರದಲ್ಲಿ ಕೋವಿಯ ವಿವರ ಇರಬೇಕು.

'ಗೋಡೆಗೆ ನೇತುಹಾಕುತ್ತೇವೆ, ಅಷ್ಟೇ' ಎನ್ನುವವರಿಗೆ ಒಂದು ಮಾತು. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯ್ದೆಯ 45ನೇ ಕಲಮು ವಿನಾಯಿತಿ ನೀಡುವುದು ನಿಜ. ಆದರೆ ಷರತ್ತು ಬಿಗಿಯಾಗಿದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು. ಕುದುರೆ ಮುರಿದಿದೆ, ಸ್ಪ್ರಿಂಗ್ ಹೋಗಿದೆ ಎಂಬುದು ಸಾಲದು; ಸ್ಪ್ರಿಂಗ್ ಹಾಕಿದರೆ ಅದು ಗುಂಡು ಹಾರಿಸುತ್ತದೆ. ಇದರಲ್ಲೊಂದು ವಿಚಿತ್ರವೂ ಅಡಗಿದೆ. ಸತ್ತ ಕೋವಿಯನ್ನು ಮುತುವರ್ಜಿಯಿಂದ ಬದುಕಿಸಿದವನು ವಿನಾಯಿತಿಯಲ್ಲಿದ್ದ ವಸ್ತುವನ್ನು ತನ್ನ ಕೈಯಾರೆ ಪರವಾನಗಿ ಬೇಕಾದ ಆಯುಧವನ್ನಾಗಿ ಮಾಡಿರುತ್ತಾನೆ. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂಬ ತೀರ್ಪನ್ನು ಮನೆಯವರೇ ಕೊಟ್ಟುಕೊಳ್ಳುವುದು ಕ್ಷೇಮವಲ್ಲ.

ದುರಸ್ತಿಯ ಮಾತೂ ಇಲ್ಲಿಯೇ ಸೇರುತ್ತದೆ. ಒರೆಸುವುದು, ಎಣ್ಣೆ ಹಚ್ಚುವುದು ಪಾಲನೆ. ಭಾಗ ಬದಲಿಸುವುದು, ನಳಿಕೆ ಬೆಸೆಯುವುದು, ಕೊರೆಯುವುದು ದುರಸ್ತಿ. ಅದಕ್ಕೆ ದುರಸ್ತಿಯ ಪರವಾನಗಿ ಇರುವವರೇ ಬೇಕು. ಪರವಾನಗಿ ಇಲ್ಲದೆ ಬಂದೂಕು ದುರಸ್ತಿ ಮಾಡುವುದಕ್ಕೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಬಾಯಿ ಸವೆದ ನಳಿಕೆಯನ್ನು ತುಸು ಕತ್ತರಿಸುವ ಹಳೆಯ ರೂಢಿಗೂ ಪ್ರತ್ಯೇಕ ನಿಷೇಧವಿದೆ. ಊರಿನ ಆಚಾರಿಯ ಕೈಚಳಕ ಎಷ್ಟೇ ದೊಡ್ಡದಿರಲಿ, ಈ ಕೆಲಸವನ್ನು ಅವರಿಗೆ ಒಪ್ಪಿಸಿ ಅವರನ್ನೂ ಸಂಕಟಕ್ಕೆ ಸಿಲುಕಿಸಬಾರದು.

ಮುದ್ರೆಗಳು ಹೇಳುವ ಕಥೆ

ಕಾಗದ ಸರಿಯಾಗಿ ಕೋವಿ ಮರಳಿ ಮನೆಗೆ ಬಂದಿತೆಂದುಕೊಳ್ಳೋಣ. ಎಣ್ಣೆಯ ಬಟ್ಟಲು ತರುವ ಮುನ್ನ ಅದನ್ನು ಓದಬೇಕು. ಜೋಡುನಳಿಕೆ ಕೋವಿಯ ಮುಂಭಾಗದ ಮರವನ್ನು ಕಳಚಿ, ಮೇಲಿನ ಸನ್ನೆಯನ್ನು ಸರಿಸಿದರೆ ನಳಿಕೆಗಳು ಕೊಂಡಿಯಿಂದ ಬಿಡಿಸಿಕೊಳ್ಳುತ್ತವೆ. ನಳಿಕೆಗಳ ಹಿಂತುದಿಯ ಅಡಿಯಲ್ಲಿರುವ ಚಪ್ಪಟೆ ಜಾಗದಲ್ಲಿ ಹತ್ತಾರು ಸಣ್ಣ ಮುದ್ರೆಗಳಿರುತ್ತವೆ. ಕೋವಿಯ ಜಾತಕ ಇದೇ.

ಬ್ರಿಟನ್ನಿನಲ್ಲಿ ಮಾರಾಟಕ್ಕೆ ಮುನ್ನ ಪ್ರತಿಯೊಂದು ನಳಿಕೆಯನ್ನೂ ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸುವುದು ಕಾನೂನಿನ ಕಡ್ಡಾಯ. ಲಂಡನ್ನಿನ ಬಂದೂಕುಕಾರರ ಸಂಘಕ್ಕೆ 1637ರಲ್ಲಿ ಸನ್ನದು ದೊರೆತಿತ್ತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯ್ದೆಯಿಂದ ಸ್ಥಾಪಿತವಾಯಿತು. ಕಿರೀಟದಡಿ ಅಡ್ಡಲಾಗಿಟ್ಟ ಎರಡು ರಾಜದಂಡಗಳ ಹಳೆಯ ಮುದ್ರೆ ಬರ್ಮಿಂಗ್‌ಹ್ಯಾಮಿನದು. ಅಂಡಾಕಾರದೊಳಗೆ 'ಇ.ಎಲ್.ಜಿ.' ಅಕ್ಷರಗಳಿದ್ದರೆ ಕೋವಿ ಬೆಲ್ಜಿಯಂನ ಲೀಜ್ ನಗರದ್ದು. ಮುಖ್ಯವಾಗಿ ಹುಡುಕಬೇಕಾದದ್ದು 'ಎನ್.ಪಿ.' ಎಂಬ ಅಕ್ಷರಗಳನ್ನು. 1904ರಿಂದ ಬ್ರಿಟಿಷ್ ಪರೀಕ್ಷಾಲಯಗಳು ಹಾಕತೊಡಗಿದ ಈ ಮುದ್ರೆಯ ಅರ್ಥ, ನಳಿಕೆಯನ್ನು ಹೊಗೆರಹಿತ ಮದ್ದಿಗೆ ಪರೀಕ್ಷಿಸಲಾಗಿದೆ ಎಂದು. ಅದಕ್ಕೆ ಮೊದಲಿನ ಕೆಲವು ವರ್ಷ 'ನೈಟ್ರೋ ಪ್ರೂಫ್' ಎಂದು ಪೂರ್ಣವಾಗಿಯೇ ಒತ್ತುತ್ತಿದ್ದರು. ಎರಡೂ ಇಲ್ಲದ ಹಳೆಯ ಬ್ರಿಟಿಷ್ ಕೋವಿ ಕರಿಮದ್ದಿಗಷ್ಟೇ ಪರೀಕ್ಷಿತವಾದದ್ದು.

ನಳಿಕೆಯ ಮೇಲೆ ಚಿನ್ನದಲ್ಲೋ ಕೊರೆದೋ ಬರೆದಿರುವ ಹೆಸರನ್ನು ಕಂಡು ಹಿಗ್ಗುವುದು ಬೇಡ. ಕಲ್ಕತ್ತೆಯ ಮ್ಯಾಂಟನ್, ರೋಡಾ ಮುಂತಾದ ಅಂಗಡಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಕೋವಿಗಳ ಮೇಲೆ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದವು. ಅದು ಮೋಸವಲ್ಲ, ಆ ಕಾಲದ ವ್ಯಾಪಾರದ ರೀತಿ. ಮೋಸ ಬೇರೆ ಇತ್ತು. ಪ್ರಸಿದ್ಧ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ನೆನಪು ಬರುವಂತೆ 'ಡಬ್ಲ್ಯು. ರಿಚರ್ಡ್ಸ್' ಎಂದು ಬರೆದ ಅಗ್ಗದ ಬೆಲ್ಜಿಯಂ ಕೋವಿಗಳು ಪ್ರಪಂಚದಾದ್ಯಂತ ಮಾರಾಟವಾದವು. ಮೇಲಿನ ಹೆಸರಿಗೂ ಅಡಿಯ ಮುದ್ರೆಗೂ ತಾಳೆಯಾಗದಿದ್ದರೆ ಮುದ್ರೆಯನ್ನೇ ನಂಬಬೇಕು. ಹೆಸರು ನಿಜವೇ ಆಗಿದ್ದರೆ ಅದೃಷ್ಟ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಕಂಪನಿಗಳು ತಮ್ಮ ಹಳೆಯ ಮಾರಾಟದ ಪುಸ್ತಕಗಳನ್ನು ಉಳಿಸಿಕೊಂಡಿವೆ. ಕ್ರಮಸಂಖ್ಯೆ ಬರೆದು ಕೇಳಿದರೆ ಕೋವಿ ಯಾವ ವರ್ಷ ಯಾರಿಗೆ ಮಾರಾಟವಾಯಿತು ಎಂಬುದು ತಿಳಿಯುವ ಸಂಭವವಿದೆ. ಅಜ್ಜನಿಗೆ ಅದನ್ನು ಕೊಟ್ಟ ದೊರೆ ಯಾರೆಂಬ ಮನೆಯ ಕಥೆ ನಿಜವೋ ಸುಳ್ಳೋ ಎಂಬುದೂ ಆಗ ಹೊರಬೀಳಬಹುದು!

ಇದೇ ಕ್ರಮಸಂಖ್ಯೆ ಪರವಾನಗಿ ಪುಸ್ತಕದಲ್ಲಿಯೂ ಇರುತ್ತದೆ. ಟ್ರಿಗರಿನ ಕಾಪುಪಟ್ಟಿಯ ಬಾಲ, ನಳಿಕೆಯ ಅಡಿ, ಮುಂಮರದ ಕಬ್ಬಿಣ ಈ ಮೂರು ಕಡೆಯ ಸಂಖ್ಯೆಗಳು ಒಂದೇ ಇದ್ದರೆ ಕೋವಿ ಹುಟ್ಟಿದಾಗಿನಂತೆಯೇ ಇದೆ ಎಂದರ್ಥ. ಮರಳುಕಾಗದ ಮತ್ತು ಬಫಿಂಗ್ ಚಕ್ರ ಅಪಾಯಕಾರಿಯಾಗುವುದು ಇಲ್ಲಿ. ಕೊರೆದ ಅಕ್ಷರಗಳ ಆಳ ಕೂದಲೆಳೆಯಷ್ಟು. ಎರಡು ಗಂಟೆಯ ಹೊಳಪಿನ ಆಸೆಗೆ ನೂರು ವರ್ಷದ ಗುರುತು ಮಾಯವಾಗುತ್ತದೆ. ಬಂದೂಕಿನ ಗುರುತುಗಳನ್ನು ಅಳಿಸುವುದು ಕಾಯ್ದೆಯ 8ನೇ ಕಲಮಿನನ್ವಯ ಅಪರಾಧ ಕೂಡ. ಗುರುತು ಅಳಿದ ಕೋವಿ ಯಾರ ಬಳಿ ಸಿಕ್ಕುತ್ತದೆಯೋ ಅವರೇ ಅಳಿಸಿದವರೆಂದು, ವಿರುದ್ಧವಾದದ್ದು ಸಾಬೀತಾಗುವವರೆಗೆ ಕಾನೂನು ಭಾವಿಸುತ್ತದೆ.

ನೀರಿನ ಅಲೆಯಂಥ ನಳಿಕೆ

ತುಕ್ಕು ಮತ್ತು ಕೊಳೆಯ ಅಡಿಯಲ್ಲಿ ನಳಿಕೆಯ ಮೈಮೇಲೆ ಸುರುಳಿ ಸುರುಳಿಯಾದ, ನೀರಿನ ಅಲೆಯನ್ನೋ ಮರದ ನಾರನ್ನೋ ಹೋಲುವ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಕೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬೆಸೆದು, ಆ ಸರಳನ್ನು ಹಗ್ಗದಂತೆ ಹೊಸೆದು, ಅಂಥ ಕೆಲವು ಸರಳುಗಳನ್ನು ಜೋಡಿಸಿ ಒಂದು ಕಡ್ಡಿಯ ಸುತ್ತ ಬಳ್ಳಿಯಂತೆ ಸುತ್ತಿ ಕಾಯಿಸಿ ಬಡಿದು ಒಂದಾಗಿಸುತ್ತಿದ್ದರು. 19ನೇ ಶತಮಾನದ ಕೊನೆಯವರೆಗೂ ಒಳ್ಳೆಯ ಕೋವಿಗಳ ನಳಿಕೆ ಹೀಗೆಯೇ ಆಗುತ್ತಿತ್ತು; ಲೀಜ್ ಪರಿಸರ ಅದಕ್ಕೆ ಹೆಸರಾಗಿತ್ತು. ಹೆಸರೊಂದೇ ಆದರೂ ಇದಕ್ಕೂ ಡಮಾಸ್ಕಸ್ ಖಡ್ಗಕ್ಕೂ ನಂಟಿಲ್ಲ. ಖಡ್ಗದ ಲೋಹ ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ 'ವೂಟ್ಜ್'. ಆ ಪದದ ಮೂಲ ನಮ್ಮ 'ಉಕ್ಕು' ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ನಳಿಕೆಯ ಚಿತ್ತಾರವಾದರೋ ಬೆಸುಗೆಯ ಫಲ.

ಅಪಾಯವಿರುವುದೂ ಆ ಬೆಸುಗೆಯಲ್ಲೇ. ಒಂದು ನಳಿಕೆಯಲ್ಲಿ ಅಡಿಗಟ್ಟಲೆ ಬೆಸುಗೆಯ ಗೆರೆಗಳಿರುತ್ತವೆ. ಅವುಗಳ ನಡುವೆ ಸಿಕ್ಕಿಕೊಂಡ ಕಿಟ್ಟದ ಕಣಗಳ ದಾರಿಯಲ್ಲಿ ತುಕ್ಕು ಒಳಗೊಳಗೇ ಹರಿಯಬಲ್ಲದು. ಮೇಲ್ನೋಟಕ್ಕೆ ಏನೂ ಕಾಣದು. ಕರಿಮದ್ದು ಉರಿದು ಒತ್ತಡ ಬೇಗ ಏರಿ ಬೇಗ ಇಳಿಯುತ್ತದೆ. ಹೊಗೆರಹಿತ ಮದ್ದಿನ ಒತ್ತಡ ನಳಿಕೆಯ ಮುಂದಿನ, ಗೋಡೆ ತೆಳುವಾಗಿರುವ ಭಾಗದವರೆಗೂ ಹೆಚ್ಚಾಗಿಯೇ ಇರುತ್ತದೆ. ಕೋವಿ ಹಿಡಿದವನ ಎಡಗೈ ಇರುವುದು ಅಲ್ಲಿಯೇ. ಹೊಗೆರಹಿತ ಮದ್ದಿಗೆ ಪರೀಕ್ಷಿಸಲ್ಪಟ್ಟು ಈಗಲೂ ಗಟ್ಟಿಯಾಗಿರುವ ಡಮಾಸ್ಕಸ್ ನಳಿಕೆಗಳು ಯುರೋಪಿನಲ್ಲಿ ಬಳಕೆಯಲ್ಲಿವೆ ಎಂಬುದು ನಿಜ. ಆದರೆ ಅಲ್ಲಿ ಮರುಪರೀಕ್ಷೆಗೆ ಕೊಂಡೊಯ್ಯಲು ಪರೀಕ್ಷಾಲಯವಿದೆ. ಮಲೆನಾಡಿನ ನೂರು ಮಳೆಗಾಲ ಕಂಡ ಕೋವಿಗೆ ಆ ಭರವಸೆ ಇಲ್ಲ. ಅಂಥದ್ದರಲ್ಲಿ ಈಗಿನ ತೋಟಾ ಹಾರಿಸಲೇಬಾರದು. ಅದನ್ನು ಉಳಿಸಿಕೊಳ್ಳಿ, ಬಳಸಬೇಡಿ.

ಉಕ್ಕಿನ ನಳಿಕೆಯಾಗಿದ್ದು, 'ಎನ್.ಪಿ.' ಮುದ್ರೆ ಇದ್ದರೂ ಇನ್ನೊಂದು ಬಲೆ ಉಂಟು. 12 ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಸಮಗಾತ್ರದ 12 ಗುಂಡು ಮಾಡಿದಾಗ ಅವುಗಳಲ್ಲಿ ಒಂದು ಹಿಡಿಸುವ ನಳಿಕೆ, ವ್ಯಾಸ 0.729 ಅಂಗುಲ, ಸುಮಾರು 18.5 ಮಿ.ಮೀ. ಬೋರ್ ಒಂದೇ ಆದರೂ ತೋಟಾದ ಮನೆಯ ಉದ್ದ ಬೇರೆಯಾಗಿರಬಹುದು. ಹಳೆಯ ಇಂಗ್ಲಿಷ್ ಕೋವಿಗಳ ತೋಟಾಮನೆ ಸಾಮಾನ್ಯವಾಗಿ ಎರಡೂವರೆ ಅಂಗುಲ, ಅಂದರೆ 65 ಮಿ.ಮೀ. ಈಗ ಸಾಮಾನ್ಯವಾಗಿ ದೊರೆಯುವ ತೋಟಾ 70 ಮಿ.ಮೀ.ನದು. ಉದ್ದದ ತೋಟಾ ಗಿಡ್ಡ ಮನೆಯಲ್ಲಿ ಕೂರುವುದೇ ಇಲ್ಲವೆಂದು ಯಾರಾದರೂ ಭಾವಿಸಬಹುದು. ಅದು ಸಲೀಸಾಗಿ ಕೂರುತ್ತದೆ! ಏಕೆಂದರೆ 70 ಮಿ.ಮೀ. ಎಂಬುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಮಡಿಸಿರುವಾಗ ಅದು ಗಿಡ್ಡವಾಗಿಯೇ ಇರುತ್ತದೆ. ಹಾರಿದ ಕ್ಷಣ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಕೆ ಕಿರಿದಾಗುವಲ್ಲಿ ಬಾಯಿ ಸಿಕ್ಕಿಕೊಂಡು ಒತ್ತಡ ಮಿತಿ ಮೀರುತ್ತದೆ. ಮನೆಯ ಉದ್ದವನ್ನು ಮಾಪಕದಿಂದ ಅಳೆಸದೆ ತೋಟಾ ಕೊಳ್ಳಲೇಬಾರದು.

ಅನುಭವಿ ಬಂದೂಕು ದುರಸ್ತಿಗಾರರು ಇನ್ನೂ ಕೆಲವನ್ನು ನೋಡುತ್ತಾರೆ. ನಳಿಕೆಗಳನ್ನು ಬಿಡಿಸಿ ಕೊಂಡಿಯಿಂದ ತೂಗುಬಿಟ್ಟು ಬೆರಳಗೆಣ್ಣಿನಿಂದ ತಟ್ಟಿದಾಗ ಗಂಟೆಯಂಥ ನಾದ ಬಂದರೆ ಎರಡು ನಳಿಕೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಸರಿಯಾಗಿದೆ. ಒಡಕು ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಮುಂಮರ ತೆಗೆದು ಕೋವಿಯನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ನಳಿಕೆಯ ಹಿಂತುದಿಗೂ ಅದು ಒರಗುವ ಉಕ್ಕಿನ ಗೋಡೆಗೂ ನಡುವೆ ಬೆಳಕಿನ ಗೆರೆ ಕಾಣಬಾರದು. ಒಳಗಿನ ತುಕ್ಕಿನ ಗುಳಿ ಎಷ್ಟು ಆಳ, ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು, ಅದಕ್ಕೆ ಉಪಕರಣ ಬೇಕು. ಗುಳಿಯನ್ನು ಕೊರೆದು ತೆಗೆದಷ್ಟೂ ನಳಿಕೆ ಕನ್ನಡಿಯಂತೆ ಹೊಳೆಯುತ್ತದೆ, ಅಷ್ಟೇ ತೆಳುವಾಗುತ್ತದೆ. ಕೊಳ್ಳುವವರು ಹೊಳಪನ್ನು ಮೆಚ್ಚುತ್ತಾರೆ. ಬಲ್ಲವರು ಅಂಥ ಹೊಳಪನ್ನು ಕಂಡರೆ ಅನುಮಾನಪಡುತ್ತಾರೆ.

ಎಷ್ಟು ಮುಟ್ಟಬೇಕು?

ಇಷ್ಟಾದ ಮೇಲೆ ಮನೆಯಲ್ಲಿ ಮಾಡಬಹುದಾದ ಕೆಲಸ ಸರಳ, ಆದರೆ ನಿಧಾನದ್ದು. ಕೆಂಪಾಗಿ ಪುಡಿಯಾಗುವ ಜೀವಂತ ತುಕ್ಕು ಬೇರೆ, ವರ್ಷಗಳ ಮೇಲೆ ಕಂದುಗಟ್ಟಿ ನಿಂತ ಮೈಬಣ್ಣ ಬೇರೆ. ಮೊದಲನೆಯದನ್ನು ತೆಗೆಯಬೇಕು, ಎರಡನೆಯದನ್ನು ಬಿಡಬೇಕು. ತೆಳುವಾದ ಎಣ್ಣೆಯನ್ನು ಹಚ್ಚಿ ಒಂದೆರಡು ದಿನ ನೆನೆಯಲು ಬಿಟ್ಟು, ಒರಟು ಬಟ್ಟೆಯಿಂದ ಒತ್ತಿ ಒರೆಸಿದರೆ ಬಹಳಷ್ಟು ಬಿಡುತ್ತದೆ. ಉಳಿದದ್ದಕ್ಕೆ ಹಿತ್ತಾಳೆಯ ಅಥವಾ ತಾಮ್ರದ ಅಂಚಿನಿಂದ ಮೆಲ್ಲಗೆ ಕೆರೆಯಬಹುದು. ಅದು ಉಕ್ಕಿಗಿಂತ ಮೃದು, ಗೀರು ಬೀಳಿಸದು. ಇದನ್ನು ವಾರಗಟ್ಟಲೆ ಮಾಡಬೇಕಾಗಬಹುದು.

ಸ್ಕ್ರೂಗಳನ್ನು ಮುಟ್ಟದಿರುವುದು ಒಳಿತು. ವಿಲಾಯತಿ ಕೋವಿಗಳ ಸ್ಕ್ರೂ ತಲೆಯ ಸೀಳು ಅತಿ ತೆಳು. ಮನೆಯ ತಿರುಪುಳಿ ಅದರಲ್ಲಿ ಕೂರದೆ ಜಾರಿ ತಲೆಯನ್ನೂ ಸುತ್ತಲಿನ ಕೆತ್ತನೆಯನ್ನೂ ಕೆಡಿಸುತ್ತದೆ. ಕೆಟ್ಟ ಸ್ಕ್ರೂ ತಲೆಗಳೇ ಕೋವಿಯ ಬೆಲೆ ಕಟ್ಟುವವರು ಮೊದಲು ನೋಡುವ ಕುರುಹು. ನಳಿಕೆಗೆ ಕಪ್ಪು ಬಣ್ಣ ಹಿಡಿಸುವ ಕೆಲಸದಲ್ಲಿಯೂ ಎಚ್ಚರ ಬೇಕು. ಈಗಿನ ಕಾರ್ಖಾನೆಗಳಲ್ಲಿ ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಅದ್ದಿ ಕಪ್ಪಾಗಿಸುತ್ತಾರೆ. ಜೋಡುನಳಿಕೆಗಳನ್ನು ಹಾಗೆ ಅದ್ದಿದರೆ ಅವನ್ನು ಕೂಡಿಸಿರುವ ಸೀಸ-ತವರದ ಬೆಸುಗೆಯನ್ನು ಕ್ಷಾರ ತಿನ್ನುತ್ತದೆ. ಹಳೆಯ ಜೋಡುನಳಿಕೆಗೆ ನಿಧಾನವಾಗಿ ತುಕ್ಕು ಬರಿಸಿ ಉಜ್ಜಿ ಮತ್ತೆ ಬರಿಸುವ ಹಳೆಯ ಪದ್ಧತಿಯೇ ತಕ್ಕದ್ದು. ಅದನ್ನು ಬಲ್ಲವರು ಸಿಗದಿದ್ದರೆ ಹಾಗೆಯೇ ಇರಲಿ.

ಹಿಂಬದಿಯ ಮರ ಸಾಮಾನ್ಯವಾಗಿ ಅಕ್ರೋಟು. ಅದರ ದೊಡ್ಡ ಶತ್ರು ಅತಿಯಾದ ಪ್ರೀತಿ. ದಶಕಗಳ ಕಾಲ ನಳಿಕೆಗೆ ಸುರಿದ ಎಣ್ಣೆ ಇಳಿದು, ಕಬ್ಬಿಣ ಮರವನ್ನು ಕೂಡುವ ಜಾಗದಲ್ಲಿ ಸೇರಿಕೊಂಡು ಮರವನ್ನು ಕಪ್ಪಾಗಿಸಿ ಮೆತ್ತಗಾಗಿಸುತ್ತದೆ. ಅಂಥ ಮರ ಒಂದು ಹೊಡೆತಕ್ಕೆ ಸೀಳುತ್ತದೆ. ಸೀಮೆಸುಣ್ಣದ ಪುಡಿಯ ಲೇಪ ಹಚ್ಚಿ ಒಣಗಿಸಿ ಕೆರೆದು ತೆಗೆಯುವುದನ್ನು ಹಲವು ಸಲ ಮಾಡಿದರೆ ಎಣ್ಣೆ ಮೇಲೇರಿ ಬರುತ್ತದೆ. ಬಳಿಕ ಅಂಗೈಯಲ್ಲಿ ಕೆಲವೇ ಹನಿ ಅಗಸೆ ಎಣ್ಣೆ ಹಾಕಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಮತ್ತೆ ಉಜ್ಜುವುದು ಹಳೆಯ ಇಂಗ್ಲಿಷ್ ಕ್ರಮ. ಹೊಳೆಯುವ ವಾರ್ನಿಷ್ ಬಳಿದರೆ ಅದು ಮದುವೆ ಮನೆಯ ಕುರ್ಚಿಯಂತೆ ಕಾಣುತ್ತದೆ. ಅಗಸೆ ಎಣ್ಣೆ ಮರಕ್ಕೆ ಮಾತ್ರ. ಕೋವಿಯ ಒಳಗಿನ ಯಂತ್ರಕ್ಕೆ ಅದನ್ನಾಗಲಿ ಅಡುಗೆಯ ಎಣ್ಣೆಯನ್ನಾಗಲಿ ಬಿಟ್ಟರೆ ಕಾಲಕ್ರಮದಲ್ಲಿ ಅಂಟಾಗಿ ಕುದುರೆ ಕಚ್ಚಿಕೊಳ್ಳುತ್ತದೆ.

ಮಳೆಗಾಲ ಮತ್ತು ಚುನಾವಣೆ

ಉಳಿಸಿದ ಕೋವಿಯನ್ನು ಇಡುವುದು ಇನ್ನೊಂದು ಪ್ರಶ್ನೆ. ಚರ್ಮದ ಚೀಲದಲ್ಲಿ ಕಟ್ಟಿಡುವುದು ಶ್ರೀಮಂತಿಕೆಯಂತೆ ಕಂಡರೂ ಚರ್ಮ ಮಳೆಗಾಲದ ತೇವವನ್ನು ಹೀರಿ ಲೋಹಕ್ಕೆ ಒತ್ತಿಕೊಂಡಿರುತ್ತದೆ. ಹದ ಮಾಡಿದ ಚರ್ಮದ ಆಮ್ಲವೂ ಸೇರಿ ಒಂದೇ ಜೂನ್-ಜುಲೈಯಲ್ಲಿ ತುಕ್ಕು ಏಳುತ್ತದೆ. ಗಾಳಿಯಾಡುವ, ಬೀಗವಿರುವ ಮರದ ಅಥವಾ ಉಕ್ಕಿನ ಕಪಾಟೇ ಸರಿ. ನಳಿಕೆ ಕೆಳಮುಖವಾಗಿ ನಿಲ್ಲಿಸಿದರೆ ಎಣ್ಣೆ ಮರದತ್ತ ಇಳಿಯುವುದಿಲ್ಲ. ಆಯುಧಪೂಜೆಯಂದು ಹಚ್ಚಿದ ಒದ್ದೆ ಗಂಧ-ಕುಂಕುಮವನ್ನು ಪ್ರಸಾದವೆಂದು ವರ್ಷವಿಡೀ ಬಿಡುವವರಿದ್ದಾರೆ. ಅದರ ಅಡಿಯಲ್ಲಿ ದುಂಡನೆಯ ಗುಳಿ ಬಿದ್ದಿರುವ ಕೋವಿಗಳು ಎಷ್ಟೋ. ಮರುದಿನವೇ ಒರೆಸಿ ಎಣ್ಣೆಬಟ್ಟೆ ಆಡಿಸಿದರೆ ದೇವರಿಗೂ ಅಪಚಾರವಾಗದು. ಕರಿಮದ್ದು ಬಳಸುವ ಕೇಪಿನ ಕೋವಿಯನ್ನು ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆಯಬೇಕು. ಮದ್ದಿನ ಮಸಿಯಲ್ಲಿರುವ ಲವಣವನ್ನು ಎಣ್ಣೆ ಕರಗಿಸದು, ನೀರು ಕರಗಿಸುತ್ತದೆ. ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆ ಎಣ್ಣೆ.

ಇಷ್ಟೆಲ್ಲ ಜೋಪಾನ ಮಾಡಿದವರಿಗೂ ಚುನಾವಣೆ ಬಂದಾಗ ಕಷ್ಟ. ನೀತಿಸಂಹಿತೆ ಜಾರಿಯಾದೊಡನೆ ಪರವಾನಗಿದಾರರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲಿ ಹೀಗೆಯೇ ಆಯಿತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೃಷಿಕರ ಅಸಮಾಧಾನ ಪ್ರತಿ ಸಲವೂ ಕೇಳಿಬರುತ್ತದೆ, ಅದು ನ್ಯಾಯವಾದದ್ದೂ ಹೌದು. ವಿನಾಯಿತಿ ಬೇಕಾದವರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಕಾರಣ ನೀಡಿ ಮನವಿ ಸಲ್ಲಿಸಬಹುದು. ಒಪ್ಪಿಸಲೇಬೇಕಾಗಿ ಬಂದರೆ ನಳಿಕೆಯ ಒಳಹೊರಗೆ ದಪ್ಪನಾಗಿ ಎಣ್ಣೆ ಸವರಿ, ಒಣ ಹತ್ತಿಬಟ್ಟೆ ಸುತ್ತಿ, ಹೆಸರು ಮತ್ತು ಸಂಖ್ಯೆಯ ಚೀಟಿ ಕಟ್ಟಿ ಕೊಡಬೇಕು. ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತದೆ. ಮರಳಿ ಪಡೆಯುವಾಗ ರಸೀದಿಯೊಂದಿಗೆ ತಾಳೆ ನೋಡಿ, ಅಲ್ಲಿಯೇ ಮುರಿದು ನಳಿಕೆಯೊಳಗೆ ಬೆಳಕು ಹಾಯಿಸಿ ನೋಡಿಯೇ ಸಹಿ ಹಾಕತಕ್ಕದ್ದು.

ಮನೆಯಲ್ಲಿ ಯಾರಿಗೂ ಕೋವಿ ಬೇಡವಾದರೆ ಠೇವಣಿಯ ಅವಧಿ ಮುಗಿಯುವ ಮೊದಲೇ ಪರವಾನಗಿ ಇರುವ ವ್ಯಕ್ತಿಗೋ ವ್ಯಾಪಾರಿಗೋ ಮಾರಬಹುದು. ನೂರು ವರ್ಷ ದಾಟಿದ, ಕಲಾ ಅಥವಾ ಚಾರಿತ್ರಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದನ್ನು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನಿಷೇಧಿಸಿರುವುದರಿಂದ, ಅಮೆರಿಕದಲ್ಲಿರುವ ಮಗನಿಗೆ ಕೆತ್ತನೆಯ ಹಳೆಯ ಕೋವಿಯನ್ನು ಕಳುಹಿಸಿಕೊಡುವ ಯೋಚನೆಯನ್ನು ಮೊದಲೇ ಕೈಬಿಡುವುದು ಉತ್ತಮ. ಅವನಿಗೆ ಮುದ್ರೆಗಳ ಛಾಯಾಚಿತ್ರ, ಹಳೆಯ ಪರವಾನಗಿ ಪುಸ್ತಕದ ಪ್ರತಿ ಮತ್ತು ಕಂಪನಿಯ ಪುಸ್ತಕದಿಂದ ಬಂದ ಉತ್ತರವನ್ನು ಕಳುಹಿಸಬಹುದು.